ಏಕೋಣಸಾಠ

ನಮ್ಮ ಮಾಸ್ತರರ ಎಡಗೆನ್ನೆಯಲ್ಲಿ ಸದಾ ಅಡಿಕೆ ಹೋಳಿನದೊಂದು ಉಬ್ಬು ಇರುತ್ತಿತ್ತು. ಮಾತು ಶುರು ಮಾಡುವ ಮೊದಲು ಅದನ್ನು ತೆಗೆದು ಕರವಸ್ತ್ರದ ಮೂಲೆಯಲ್ಲಿ ಸುತ್ತಿ ಜೇಬಿಗಿಡುತ್ತಿದ್ದರು. ಕರಿಹಲಗೆಯ ಮುಂದೆ ಹಾಗೆ, ಮತ ಎಣಿಕೆಯ ಮೈಕಿನ ಮುಂದೆಯೂ ಹಾಗೆಯೇ.

ಪುಣೆಯ ಕನ್ನಡ ಶಾಲೆಯೊಂದರಲ್ಲಿ ಅವರು ನನಗೆ ಗಣಿತ ಕಲಿಸಿದರು. ಕಲಬುರಗಿ ಕಡೆಯವರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಆಡುವ ಮಕ್ಕಳು ಎಲ್ಲಿ ಎಡವುತ್ತಾರೆಂದು ಅವರಿಗೆ ಗೊತ್ತಿತ್ತು. ಮರಾಠಿಯಲ್ಲಿ ಐವತ್ತೊಂಬತ್ತಕ್ಕೆ ಏಕೋಣಸಾಠ ಎನ್ನುತ್ತಾರೆ; ಅಂದರೆ ಅರವತ್ತಕ್ಕೆ ಒಂದು ಕಡಿಮೆ. ನಮ್ಮ ಕಿವಿಗೆ ‘ಏಕ’ ಮತ್ತು ‘ಸಾಠ’ ಮಾತ್ರ ಬಿದ್ದು, ಅರವತ್ತೊಂದು ಎಂದು ಬರೆಯುತ್ತಿದ್ದೆವು.

“ಏಕೋಣ ಅಂದ್ರ ಹೊಸ್ತಿಲ ಹೊರಗ ನಿಂತಾನ, ಒಳಗ ಬಂದಿಲ್ಲ. ನೀ ಯಾಕ ಅವನ್ನ ಎಳಕೊಂಡು ಹೋಗಿ ಅಡಗಿಮನಿಯಾಗ ಕೂಡಸ್ತೀಯೋ?” ಎಂದು ನನ್ನ ಕಿವಿ ಹಿಂಡಿದ್ದರು.

ಚುನಾವಣೆ ಬಂದರೆ ಅವರಿಗೆ ಡ್ಯೂಟಿ ತಪ್ಪುತ್ತಿರಲಿಲ್ಲ. ಮಹಾನಗರಪಾಲಿಕೆಯ ಒಂದು ವಾರ್ಡಿಗೆ ನಾಲ್ಕು ಸ್ಥಾನ. ಒಬ್ಬ ಮತದಾರ ನಾಲ್ಕು ಸಲ ಗುಂಡಿ ಒತ್ತಬೇಕು. ಒಂದೇ ಒತ್ತಿ ಹೊರಟ ಹೆಂಗಸೊಬ್ಬಳನ್ನು ಮತಗಟ್ಟೆಯಲ್ಲಿ ಅವರು ತಡೆದದ್ದನ್ನು ಪತ್ರಿಕೆಯ ವರದಿಗೆ ಹೋಗಿದ್ದ ನಾನು ಬಾಗಿಲಿಂದಲೇ ಕೇಳಿದ್ದೆ. ಕಟ್ಟಡ ಕೆಲಸಕ್ಕೆಂದು ಊರು ಬಿಟ್ಟು ಬಂದವಳು.

“ಯವ್ವಾ, ಇನ್ನಾ ಮೂರು ಅದಾವ. ಒಂದ ರೊಟ್ಟಿ ಬಡದು ಒಲಿ ಆರಸ್ತೀಯೇನು?”

“ನಾಕೂ ಮಂದಿ ನಮ್ಮ ಓಣಿಗೆ ಬಂದಿದ್ರೇನ್ರೀ? ಬಂದಾಂವ ಒಬ್ಬನ!”

“ಯಾರೂ ಬ್ಯಾಡಾದ್ರ ಅದಕ್ಕೂ ಒಂದು ಗುಂಡಿ ಅದ. ಒತ್ತಿ ಹೋಗು ತಾಯಿ, ಮಷೀನ್ ಕಾಯಾಕತ್ತದ.” ಅವಳು ನಗುತ್ತಲೇ ಹಿಂದಿರುಗಿ ಒತ್ತಿದಳು.

ಅವರ ಕೊನೆಯ ಡ್ಯೂಟಿ ಎಣಿಕೆ ಕೇಂದ್ರದಲ್ಲಿತ್ತು. ನಿವೃತ್ತಿಗೆ ಮೂರು ತಿಂಗಳು ಉಳಿದಿತ್ತು. ಪ್ರತಿ ಸುತ್ತಿನಲ್ಲಿ ಸಿಬ್ಬಂದಿ ಯಂತ್ರಗಳ ಮೊಹರನ್ನು ಅಭ್ಯರ್ಥಿಗಳ ಏಜೆಂಟರಿಗೆ ತೋರಿಸಿ, ಒಡೆದು, ಅಂಕಿಗಳನ್ನು ಹಾಳೆಗೆ ಇಳಿಸಿ ಸಹಿ ಹಾಕುತ್ತಿದ್ದರು. ಆಮೇಲೆ ಮಾಸ್ತರರು ಮೈಕಿನಲ್ಲಿ ಓದುತ್ತಿದ್ದರು. “ಕಾನಡೀ ಮಾಸ್ತರ, ಜರಾ ಜೋರಾತ್!” ಕನ್ನಡದ ಮಾಸ್ತರೇ, ಸ್ವಲ್ಪ ಜೋರಾಗಿ ಎಂದು ಬೇಲಿಯಾಚೆಯಿಂದ ಯಾರೋ ಮರಾಠಿಯಲ್ಲಿ ಕೂಗಿದರು. ಅವರು ನಕ್ಕು, ಅಡಿಕೆಯನ್ನು ಕರವಸ್ತ್ರಕ್ಕೆ ಸೇರಿಸಿ, ಕೊನೆಯ ಸ್ಥಾನದ ಗೆಲುವಿನ ಅಂತರ ಹೇಳಿದರು.

ನಾನು ೬೧ ಎಂದು ಬರೆದುಕೊಂಡೆ. ಕಚೇರಿಗೆ ಮಾಡಿದ ಕರೆ ಆಗಲೇ ಕಿವಿಯಲ್ಲಿತ್ತು, ಕೂಡಲೇ ಹೇಳಿದೆ. ಸಂಜೆ ಸಹಿಯಾದ ಹಾಳೆ ಕೈಗೆ ಬಂದಾಗ ಅದರಲ್ಲಿ ೫೯ ಇತ್ತು. ನನ್ನ ಕಿವಿಯ ಮೇಲೆ ನನಗೆ ಅನುಮಾನ ಬರಲಿಲ್ಲ. ‘ಧ್ವನಿವರ್ಧಕದಲ್ಲಿ ಒಂದು, ಹಾಳೆಯಲ್ಲಿ ಇನ್ನೊಂದು’ ಎಂಬ ಸುದ್ದಿ ಬರೆದೆ. ಮರುದಿನ ಸೋತವರ ಬೆಂಬಲಿಗರು ‘ಎರಡು ಮತ ಎಲ್ಲಿ?’ ಎಂದು ಕೂಗುತ್ತ ವಾರ್ಡ್ ಕಚೇರಿ ಮುಂದೆ ಕುಳಿತರು. ಕಾನಡೀ ಮಾಸ್ತರನಿಗೆ ಮರಾಠಿ ಅಂಕಿ ಬಾರದು ಎಂಬ ಮಾತು ಹಬ್ಬಿತು. ವಿವರಣೆ ಕೇಳಿ ಮಾಸ್ತರರಿಗೆ ನೋಟೀಸು ಹೋಯಿತು.

ಮೂರನೆಯ ದಿನ, ನನ್ನ ಫೋನಿನಲ್ಲಿ ತಾನಾಗಿಯೇ ದಾಖಲಾಗಿದ್ದ ಆ ಕರೆಯ ಧ್ವನಿಮುದ್ರಣ ಕೇಳಿದೆ. ಮಾಸ್ತರರ ದನಿ ಸ್ಪಷ್ಟವಾಗಿತ್ತು: “ಏಕೋಣಸಾಠ.” ತಮ್ಮ ರೂಢಿಯಂತೆ ಅಂಕಿಗಳನ್ನು ಬಿಡಿಸಿಯೂ ಹೇಳಿದ್ದರು: “ಪಾಚ್, ನಊ.” ಐದು, ಒಂಬತ್ತು. ಆ ಎರಡು ಅಂಕಿಗಳ ಮೇಲೆಯೇ, ಕಚೇರಿಗೆ ಅರವತ್ತೊಂದು ಎಂದು ಹೇಳುತ್ತಿದ್ದ ನನ್ನ ದನಿಯೂ ಇತ್ತು.

ಪತ್ರಿಕೆಯ ಒಳಪುಟದಲ್ಲಿ ಎರಡು ಸಾಲಿನ ತಿದ್ದುಪಡಿ ಬಂತು: ಸಂಖ್ಯೆಯನ್ನು ೫೯ ಎಂದು ಓದಿಕೊಳ್ಳಬೇಕು. ತಪ್ಪು ಯಾರದೆಂದು ಅದರಲ್ಲಿರಲಿಲ್ಲ. ಆ ಸಾಲುಗಳನ್ನು ಬರೆದವನೂ ನಾನೇ.

ಮಾರ್ಕೆಟ್ ಯಾರ್ಡ್ ಹಿಂದಿನ ಅವರ ಮನೆಗೆ ಹೋದೆ. ಧ್ವನಿಮುದ್ರಣ ಜೇಬಿನಲ್ಲಿತ್ತು.

“ಬಾರಪಾ ತಮ್ಮಾ, ಚಾ ಕುಡಿ. ನೋಟೀಸಿಗೆ ಉತ್ತರಾ ಬರದ ಕೊಟ್ಟೀನಿ. ಬಾಯಾಗ ಅಡಿಕಿ ಇತ್ತು, ಉಚ್ಚಾರ ತೊದಲಿತು ಅಂತ.”

“ಸರ್, ಅಡಿಕಿ ನೀವು ತಗದಿದ್ರಿ.”

“ಅದು ನಿನಗ ಗೊತ್ತು, ನನಗ ಗೊತ್ತು.” ಚಹಾದ ಲೋಟ ನನ್ನ ಕಡೆ ಸರಿಸಿ ಕೇಳಿದರು: “ಅವನ್ನ ಅಡಗಿಮನಿ ತನಕ ಕರಕೊಂಡು ಹೋದಿಯೇನು ಮತ್ತ?”

ನಾನು ಚಹಾ ಕುಡಿದು ಎದ್ದು ಬಂದೆ. ಫೋನನ್ನು ಜೇಬಿನಿಂದ ತೆಗೆಯಲಿಲ್ಲ. ಆ ಧ್ವನಿಮುದ್ರಣವನ್ನು ಅವರಿಗೂ ಕೇಳಿಸಲಿಲ್ಲ, ನೋಟೀಸು ಕೊಟ್ಟ ಅಧಿಕಾರಿಗೂ ಕೇಳಿಸಲಿಲ್ಲ. ಸೇವಾ ಪುಸ್ತಕದಲ್ಲಿ ‘ಎಚ್ಚರಿಕೆ ನೀಡಲಾಗಿದೆ’ ಎಂಬ ಸಾಲಿನೊಂದಿಗೆ ಮಾಸ್ತರರು ನಿವೃತ್ತರಾದರು. ಮುಂದೆ ದಾರಿಯಲ್ಲಿ ಸಿಕ್ಕಾಗಲೆಲ್ಲ ಮೊದಲು ಮಾತಾಡಿಸುತ್ತಿದ್ದವರು ಅವರೇ.

ಅವರು ತೀರಿಕೊಂಡಾಗ ಪತ್ರಿಕೆಗೆ ನಿಧನವಾರ್ತೆ ಬರೆದುಕೊಟ್ಟೆ. ಊರು, ವಯಸ್ಸು, ಸೇವೆಯ ವರ್ಷಗಳು, ಎಲ್ಲವನ್ನೂ ಎರಡೆರಡು ಸಲ ಕೇಳಿ ಖಚಿತ ಮಾಡಿಕೊಂಡೆ. ಅಂಕಿಗಳೆಲ್ಲ ಸರಿಯಾಗಿದ್ದವು. ಒಂದು ವಾಕ್ಯ ಮಾತ್ರ ಕಡಿಮೆ ಇತ್ತು. ಅದನ್ನು ಈಗ ಬರೆಯುತ್ತಿದ್ದೇನೆ: ಮಾಸ್ತರರು ಸರಿಯಾಗಿಯೇ ಹೇಳಿದ್ದರು, ತಪ್ಪಾಗಿ ಕೇಳಿಸಿಕೊಂಡವನು ನಾನು.