ಖಾಲಮ್ಮನ ಕತ್ತಿ ನಿಂತಾಗ

ಬೆಳಿಗ್ಗೆ ಮೊಮ್ಮಗಳು ಹುರುಳಿಕಾಯಿ ಹೆಚ್ಚುವ ಸದ್ದಿಗೆ ಮುಳಬಾಗಿಲಿನ ಖಾಲಮ್ಮ ನೆನಪಾದರು. ನಮ್ಮ ಬೀದಿಯ ಹೆಣ್ಣುಮಕ್ಕಳಿಗೆ ಕುರಾನ್ ಕಲಿಸಿದವರು.

ಅವರಿಗೂ ಮೊದಲು ನಾನು ಬೇರೆಯವರ ಹತ್ತಿರ ಹೋಗುತ್ತಿದ್ದ ಪಾಠದಲ್ಲಿ ಬೆತ್ತ ಕಂಡರೆ ಸಾಕು, ಬಾಯಿಗೆ ಬಂದಿದ್ದೂ ಮರೆತುಹೋಗುತ್ತಿತ್ತು. ಇನ್ನು ಓದೋದೇ ಇಲ್ಲ ಅಂತ ಹಟ ಹಿಡಿದಾಗ ಅಮ್ಮಿ ಇವರ ಹತ್ತಿರ ತಂದು ಬಿಟ್ಟರು.

ಆಗ ಎರಡನೇ ಮಹಾಯುದ್ಧದ ಕಾಲ, ಪ್ಯಾರಾಚೂಟಿಗೆ ರೇಷ್ಮೆ ಬೇಕಾಗಿ ಮನೆಮನೆಯಲ್ಲೂ ರೇಷ್ಮೆಹುಳು. ಖಾಲಮ್ಮ ಮರಿಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಲೇ ಪಾಠ ಕೇಳುತ್ತಿದ್ದರು. ತಪ್ಪು ಓದಿದರೆ ಬೈಯುತ್ತಿರಲಿಲ್ಲ. ಅವರ ಕತ್ತಿ ನಿಲ್ಲುತ್ತಿತ್ತು, ಅಷ್ಟೆ. ನಾವೇ ಹಿಂದಿನ ಸಾಲಿಗೆ ಹೋಗಿ ಸರಿಯಾಗಿ ಓದಿದ ಮೇಲೆ ಮತ್ತೆ ಟಕಟಕ ಶುರುವಾಗುತ್ತಿತ್ತು.

"ನಿಧಾನಕ್ಕೆ ಹುಡುಕು ಕಣೇ, ಹುಳ ಕಾಯ್ತವೆ" ಅನ್ನುತ್ತಿದ್ದರು.

ಇವತ್ತು ಆ ಸದ್ದಿನ ಜೊತೆ ನನಗೇ ಗೊತ್ತಿಲ್ಲದೆ ಆ ಹಳೆಯ ಪಾಠವನ್ನು ಬಾಯಲ್ಲೇ ಓದತೊಡಗಿದ್ದೆ. ಕಾಯಿ ಮುಗಿದು ಮೊಮ್ಮಗಳ ಚಾಕು ನಿಂತಿತು. ನನ್ನ ನಾಲಿಗೆ ತಾನಾಗಿ ಹಿಂದಿನ ಸಾಲಿಗೆ ಹೋಯಿತು.