ಮುರಗೆಪ್ಪನ ಬಲಗೈ

ಶಿರಗುಪ್ಪಿಯಲ್ಲಿ ಮುರಗೆಪ್ಪನಿಗಿಂತ ದೊಡ್ಡ ರೈತರಿದ್ದಾರೆ, ಅವನಿಗಿಂತ ಚೆನ್ನಾಗಿ ಕಬ್ಬು ಬೆಳೆಯುವವರೂ ಇದ್ದಾರೆ. ಆದರೆ ಎರಡು ಕೈ ಜೋಡಿಸಿ ನಮಸ್ಕಾರ ಮಾಡುವುದರಲ್ಲಿ ಅವನನ್ನು ಮೀರಿಸುವವರು ಯಾರೂ ಇಲ್ಲ. ಕೈಯಲ್ಲಿ ಸಲಿಕೆ ಇದ್ದರೆ ಕೆಳಗಿಟ್ಟು ಮಾಡುತ್ತಾನೆ. ಸೈಕಲ್ ಮೇಲಿದ್ದರೆ ಇಳಿದು ಮಾಡುತ್ತಾನೆ. ಇಳಿಯಲು ಪುರಸೊತ್ತು ಸಿಗದೆ ಒಮ್ಮೆ ಸೈಕಲ್ ಮೇಲೆಯೇ ಮಾಡಿ ಕಾಲುವೆಗೆ ಬಿದ್ದದ್ದೂ ಉಂಟು. ಮೊದಲನೆಯದು ಅರ್ಧಕ್ಕೆ ನಿಂತಿತ್ತಲ್ಲ, ಎದ್ದು ಬಂದು ಮತ್ತೊಮ್ಮೆ ಮಾಡಿದ.

ಮಗಳು ಕೋಮಲ ಕಾಲೇಜಿನ ಎನ್‌ಸಿಸಿ ಕಡೆಯಿಂದ ಹಿಮಾಚಲಕ್ಕೆ ಹೋಗಿ, ಹೆಪ್ಪುಗಟ್ಟಿದ ಜಲಪಾತ ಹತ್ತುವುದನ್ನು ಕಲಿತು ಬಂದಳು. "ಅದು ಕರಗಿದ್ರ ಏನ್ ಮಾಡ್ತಾಳ?" ಎಂದು ಊರವರು ಕೇಳಿದರು. "ಅಷ್ಟರಾಗ ಇಳದಿರ್ತಾಳ್ರಿ" ಎಂದ ಮುರಗೆಪ್ಪ.

ಎರಡನೆಯ ತರಬೇತಿಗೆ ಮುಂದಿನ ತಿಂಗಳು ಹೋಗಬೇಕು, ಅಷ್ಟರಲ್ಲಿ ಕೈಗೆ ರೂಢಿ ತಪ್ಪಬಾರದು. ಶಿರಗುಪ್ಪಿಯಲ್ಲಿ ಐಸ್ ಸಿಗುವುದು ಕುಲ್ಫಿ ಗಾಡಿಯಲ್ಲಿ ಮಾತ್ರ. ಹಾಗಾಗಿ ಅವಳು ಹೊಲದ ಹಳೇ ಬಾವಿಯನ್ನೇ ಆರಿಸಿಕೊಂಡಳು. ಬೋರ್ ಬಂದ ಮೇಲೆ ಬತ್ತಿದ ಬಾವಿ ಅದು, ತಳದಲ್ಲಿ ಬರೀ ಬಂಡೆ. ಎತ್ತು ಕಟ್ಟಿ ನೀರೆತ್ತುತ್ತಿದ್ದ ಕಾಲದ ಕಲ್ಲಿನ ತೊಲೆಗಳು ಬಾಯಿಯ ಮೇಲೆ ಇನ್ನೂ ಚಾಚಿಕೊಂಡಿವೆ. ಹಗ್ಗದ ಒಂದು ತುದಿ ಅವಳ ಸೊಂಟಕ್ಕೆ. ಅಲ್ಲಿಂದ ಅದು ತೊಲೆಗೆ ಬಿಗಿದ ಕೊಂಡಿಯಲ್ಲಿ ಹಾದು ದಡದ ಮೇಲಿರುವವನ ಕೈಗೆ ಬರುತ್ತದೆ. ಅವಳು ಎರಡು ಕೈಯಲ್ಲೂ ಐಸ್ ಹತ್ತುವ ಕೊಕ್ಕಿನ ಕೊಡಲಿ ಹಿಡಿದು ಕಲ್ಲಿನ ಸಂದಿಗೆ ಸಿಕ್ಕಿಸುತ್ತಾ ಮೇಲೆ ಬರುತ್ತಾಳೆ. ದಡದಲ್ಲಿ ಹಗ್ಗ ಹಿಡಿಯುವವನು ಮುರಗೆಪ್ಪ.

ಹಗ್ಗ ತುಳಿಯಬಾರದು ಎಂದು ಮಗಳು ಹೇಳಿದಾಗ ಅವನಿಗೆ ಬೇಸರವಾಯಿತು. ಕಾರಹುಣ್ಣಿಮೆಗೆ ಎತ್ತಿನ ಹಗ್ಗಕ್ಕೂ ಅರಿಶಿನ ಹಚ್ಚುವ ಮನೆಯವನಿಗೆ ಇದನ್ನು ಹೇಳಿಕೊಡಬೇಕೇ? ಅಂಗೈಗೆ ಸುತ್ತಿಕೊಳ್ಳಬಾರದು ಎಂಬುದನ್ನು ಮಾತ್ರ ಹೊಸದಾಗಿ ಕಲಿತ, ಸುತ್ತಿಕೊಳ್ಳುವುದು ಹೋರಿ ಹಿಡಿದು ಬಂದ ಚಟ. ಮಗಳು ಹಾಕಿಕೊಂಡ ಗಂಟನ್ನು ಪ್ರತಿಸಲ ಎಳೆದು ನೋಡುವುದನ್ನೂ ಕಲಿತ. ಕಟ್ಟಕಡೆಗೆ ಅವಳು ಅವನ ಸೊಂಟಕ್ಕೆ ಕಟ್ಟಿದ ಪಟ್ಟಿಯ ಕೊಂಡಿ ತೋರಿಸಿದಳು. "ಹಗ್ಗ ಇದರಾಗಿಂದ ನಿನ್ನ ಬಲಗೈಗೆ ಬರ್ತೈತಿ. ಬಲಗೈ ಬಿಗಿಹಿಡದ್ರ ನಾ ನಿಲ್ತೀನಿ, ಬಿಟ್ರ ಬೀಳ್ತೀನಿ. ಏನರ ಆಗ್ಲಿ, ಬಲಗೈ ಬಿಡಂಗಿಲ್ಲಪಾ."

"ಬಿಡಾಕ ನನಗೇನ್ ಹುಚ್ಚೇನ್?" ಎಂದ ಮುರಗೆಪ್ಪ.

ಅಪ್ಪನನ್ನು ಬಲ್ಲವಳಾದ್ದರಿಂದ ಅವಳು ಇನ್ನೊಂದು ಮಾತು ಸೇರಿಸಿದ್ದಳು. ತಾನು ನಡುವೆ ಹಗ್ಗಕ್ಕೆ ತೂಗಿ ದಣಿವಾರಿಸಿಕೊಳ್ಳುವಾಗಲೆಲ್ಲ ಅವನು ಬಲಗೈಯ ಹಿಂದೆ ಹಗ್ಗಕ್ಕೊಂದು ಗಂಟು ಹಾಕಬೇಕು. ಕೈ ತಪ್ಪಿದರೂ ಗಂಟು ಪಟ್ಟಿಯ ಕೊಂಡಿಗೆ ಸಿಕ್ಕಿ ನಿಲ್ಲುತ್ತದೆ.

ಮೊದಲ ದಿನವೇ ಅದು ಕೆಲಸಕ್ಕೆ ಬಂತು. ಗಂಟು ಹಾಕಿ ಮುಗಿಸಿದ್ದಷ್ಟೇ, ಪಕ್ಕದ ತೋಟದ ಬಾಪುಸಾಹೇಬರು ದಾರಿಯಲ್ಲಿ ಬಂದರು. ಹಿರಿಯರು. ಮುರಗೆಪ್ಪನ ಎರಡೂ ಕೈ ತಾವಾಗಿಯೇ ಜೋಡಿಕೊಂಡವು.

"ಆರಾಮ ಏನೋ ಮುರಗೆಪ್ಪಾ?"

"ಆರಾಮ್ ಅದೀನ್ರಿ" ಎಂದ. ಅದೇ ಹೊತ್ತಿಗೆ ಹಗ್ಗ ಸರ್ರನೆ ಓಡಿತು, ಗಂಟು ಬಂದು ಕೊಂಡಿಗೆ ಬಡಿಯಿತು, ಬಾವಿಯೊಳಗಿಂದ "ಅಪ್ಪಾ!" ಎಂಬ ಕೂಗು ಬಂತು.

ಮೇಲೆ ಬಂದ ಕೋಮಲಳ ಮೊಣಕೈ ತರಚಿತ್ತು. ಅವಳು ಬೈಯಲಿಲ್ಲ. "ನಾಳಿಂದ ಬ್ಯಾರೆ ಯಾರನ್ನರ ನೋಡ್ತೀನಿ" ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಮಗಳನ್ನು ಕೊಲ್ಲುವುದರಲ್ಲಿದ್ದೆ, ಅದೂ ಮರ್ಯಾದೆಯಿಂದ, ಎಂದು ಮುರಗೆಪ್ಪನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಬೆಳಿಗ್ಗೆ ಅವಳಿಗಿಂತ ಮೊದಲೇ ಪಟ್ಟಿ ಕಟ್ಟಿಕೊಂಡು ಬಾವಿಯ ಬಳಿ ನಿಂತಿದ್ದ. ಕೋಮಲ ಅವನನ್ನು ನೋಡಿ, ಹಗ್ಗದ ತುದಿ ಅವನ ಕೈಗಿಟ್ಟು ಬಾವಿಗಿಳಿದಳು.

ಅಂದಿನಿಂದ ಹಗ್ಗ ಹಿಡಿದಿರುವಾಗ ಮುರಗೆಪ್ಪ ಯಾರಿಗೂ ಕೈ ಮುಗಿಯಲಿಲ್ಲ. ಎಡಗೈ ಖಾಲಿ ಇರುತ್ತಿತ್ತು ನಿಜ, ಆದರೆ ಎಡಗೈಯಲ್ಲಿ ನಮಸ್ಕಾರ ಮಾಡುವುದು ಮಾಡದೇ ಇರುವುದಕ್ಕಿಂತ ಕೆಟ್ಟದ್ದು. ಸೊಸೈಟಿಯ ಚೇರ್ಮನ್ ಬಂದರು, ಹೋದರು. ಮಠದ ಅಜ್ಜಾರ ಜೀಪು ಹೋಯಿತು. ಮಗಳು ಹಿಮಾಚಲಕ್ಕೆ ಹೋಗಿ ಬಂದಳು, ಸೊಕ್ಕು ಅಪ್ಪನಿಗೆ ಬಂತು ಎಂದು ಊರು ಆಡಿಕೊಂಡಿತು. ಮುರಗೆಪ್ಪ ಕೇಳಿಸಿಕೊಂಡ. ಕೇಳುವುದಕ್ಕೆ ಕೈ ಬೇಕಿರಲಿಲ್ಲ.

ತರಬೇತಿಗೆ ಹೊರಡುವ ಹಿಂದಿನ ದಿನ ಗುರಪ್ಪ ಬಂದ. ಗುರಪ್ಪ ಅಂದರೆ ಮುರಗೆಪ್ಪನ ಒಡಹುಟ್ಟಿದ ಅಣ್ಣ. ನೀರಿನ ಪಾಳಿಯ ಜಗಳದಲ್ಲಿ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಎದುರಾದಾಗಲೆಲ್ಲ ಮುರಗೆಪ್ಪ ಕೈ ಮುಗಿಯುತ್ತಿದ್ದ, ಗುರಪ್ಪ ಮುಖ ತಿರುಗಿಸುತ್ತಿದ್ದ. ಈಗ ಅವನ ಹೆಗಲ ಮೇಲೊಂದು ಹೊಸ ಕಂಬಳಿ ಇತ್ತು. ಅವನು ಬಂದು ನಿಂತು, ಹಿರಿಯವನಾಗಿಯೂ ತಾನೇ ಮೊದಲು ಕೈ ಜೋಡಿಸಿದ. "ಹುಡುಗಿಗೆ ಥಂಡಿ ಆದೀತು ಅಂತ..." ಎಂದ.

ಕೋಮಲ ಬಾವಿಯ ಬಾಯಿಗೆ ಇನ್ನೇನು ಕೈಯಳತೆಯಲ್ಲಿದ್ದಳು. ಹಗ್ಗ ಪೂರ್ತಿ ಮೇಲೆ ಬಂದಿತ್ತು, ಹೊಸ ಗಂಟು ಇನ್ನೂ ಹಾಕಿರಲಿಲ್ಲ. ಮುರಗೆಪ್ಪನ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಕಾದದ್ದು ಈ ಗಳಿಗೆಗಾಗಿಯೇ ಆಗಿತ್ತು. ಕೈ ಮಾತ್ರ ಅಲುಗಲಿಲ್ಲ.

"ಅಣ್ಣಾ, ಕೈ ಖಾಲಿ ಇಲ್ಲ" ಎಂದ.

ಗುರಪ್ಪನ ಮುಖ ಕಪ್ಪಿಟ್ಟಿತು. ಜೋಡಿಸಿದ ಕೈ ಇಳಿಸಿ, ಬಂದ ದಾರಿ ಹಿಡಿದ. ನಾಲ್ಕು ಹೆಜ್ಜೆ ಹಾಕಿರಬೇಕು, ಕೋಮಲಳ ಕೊಡಲಿ ಸಂದಿಯಿಂದ ಕಿತ್ತು ಬಂತು. ಹಗ್ಗ ಬಿಗಿದು ಮುರಗೆಪ್ಪನನ್ನು ದಡದ ಕಡೆ ಎಳೆಯಿತು. ಅವನು ಕಾಲೂರಿ ನಿಂತ. ಸದ್ದಿಗೆ ತಿರುಗಿದ ಗುರಪ್ಪ ಓಡಿ ಬಂದು ಬಗ್ಗಿ ನೋಡಿದರೆ, ತಮ್ಮನ ಮಗಳು ತಳದ ಬಂಡೆಗಿಂತ ಎಷ್ಟೋ ಮೇಲೆ ನಡುಗಾಳಿಯಲ್ಲಿ ತೂಗುತ್ತಿದ್ದಳು. ಅವನು ತಮ್ಮನ ಕೈಯನ್ನೊಮ್ಮೆ ನೋಡಿ, ಕಂಬಳಿ ಕೆಳಗಿಟ್ಟು ದಡದಲ್ಲೇ ನಿಂತ.

ಅವಳು ಮತ್ತೆ ಗೋಡೆ ಹಿಡಿದು ಮೇಲೆ ಬಂದಳು. ತೊಲೆಯಿಂದ ದೂರ ಸರಿದು, ಸೊಂಟದ ಗಂಟು ಬಿಚ್ಚಿಕೊಂಡು, "ಈಗ ಬಿಡಪಾ" ಎಂದಳು.

ಮುರಗೆಪ್ಪನ ಬೆರಳು ಬಿಚ್ಚಿಕೊಳ್ಳಲಿಲ್ಲ. ಗುರಪ್ಪ ಬಂದು ಒಂದೊಂದೇ ಬೆರಳು ಬಿಡಿಸಿದ. ಅಂಗೈಯಲ್ಲಿ ಹಗ್ಗದ ಬಾಸುಂಡೆ ಎದ್ದಿತ್ತು. ಕೈ ಬಿಡುವಾದ ಕೂಡಲೇ ಮುರಗೆಪ್ಪ ಅಣ್ಣನಿಗೆ ನಮಸ್ಕಾರ ಮಾಡಲು ಹೋದ.

ಆಗಲಿಲ್ಲ. ಆ ಬಲಗೈಯನ್ನು ಗುರಪ್ಪ ಹಿಡಿದುಕೊಂಡೇ ಇದ್ದ.