ಗಂಟು ತೋರಿಸಲು ಸಿದ್ಧಾರ್ಥನಗರಕ್ಕೆ

ಒಂಟಿಕೊಪ್ಪಲಿನಿಂದ ಸಿದ್ಧಾರ್ಥನಗರಕ್ಕೆ ಆಟೋದಲ್ಲಿ ಅರ್ಧ ಗಂಟೆಯೂ ಬೇಡ. ಮೊನ್ನೆ ಬುಧವಾರ ನಮಗೆ ಇಡೀ ಬೆಳಗಿನ ಹೊತ್ತು ಹಿಡಿಯಿತು. ಹೂಟಗಳ್ಳಿಯಿಂದ ಬಂದು ನಮ್ಮ ಮನೆಯಲ್ಲಿ ಹನ್ನೊಂದು ವರ್ಷದಿಂದ ಅಡುಗೆ ಮಾಡುವ ಮಹದೇವಮ್ಮ, ಹಿಂದಿನ ದಿನ ಅಕ್ಕಿರೊಟ್ಟಿ ತಟ್ಟುತ್ತಾ, ಉಪ್ಪು ಮುಗಿದಿದೆ ಅನ್ನುವಷ್ಟು ಸಲೀಸಾಗಿ, ತನ್ನ ಎಡ ಎದೆಯಲ್ಲಿ ಗಂಟಿದೆ ಎಂದಿದ್ದಳು. ನಾಳೆಯೇ ತೋರಿಸಿಬಿಡೋಣ ಎಂದೆ.

ಆಟೋಗೆ ದುಡ್ಡು ಯಾಕೆ ಅಂತ ಅವಳದೇ ಹಟ, ಬಸ್ಸು ಹತ್ತಿದೆವು. ಸಿಟಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಇನ್ನೊಂದು. ಎರಡರಲ್ಲೂ ಆಧಾರ್ ಕಾರ್ಡ್ ತೋರಿಸಿದರೆ ಹೆಂಗಸರಿಗೆ ಟಿಕೆಟ್ ಪುಕ್ಕಟೆ. ಮ್ಯಾಮೋಗ್ರಫಿ, ಅಂದರೆ ಎದೆಯ ಎಕ್ಸ್‌ರೇ, ಪುಕ್ಕಟೆಯಲ್ಲವಲ್ಲ. ನನಗದು ವರ್ಷಕ್ಕೊಮ್ಮೆ ಮಗಳ ಕಂಪನಿಯ ವಿಮೆಯಲ್ಲಿ ಆಗಿಹೋಗುತ್ತದೆ. ಮುಗಿದ ಮೇಲೆ ಇಡ್ಲಿ, ಕಾಫಿಯನ್ನೂ ಕೊಡುತ್ತಾರೆ. ಆ ಇಡ್ಲಿ ಗಟ್ಟಿ ಎಂದು ಪ್ರತಿ ವರ್ಷ ಮಹದೇವಮ್ಮನ ಹತ್ತಿರ ದೂರಿದ್ದೇನೆ. ನೀನೂ ಒಂದು ಸಲ ಮಾಡಿಸಿಕೋ ಎಂದು ಮಾತ್ರ ಒಂದು ದಿನವೂ ಹೇಳಿರಲಿಲ್ಲ.

ಸ್ಕ್ಯಾನಿಂಗ್ ಸೆಂಟರಿನಲ್ಲಿ ಅವಳನ್ನು ಒಳಗೆ ಕರೆದು ಚಿತ್ರ ತೆಗೆದರು. ತೆಗೆದ ಹುಡುಗಿ ಮುಖ ಗಂಟಿಕ್ಕಿಕೊಂಡು ಹೊರಬಂದು ಡಾಕ್ಟರನ್ನು ಕರೆದೊಯ್ದಳು. ಚಿತ್ರದಲ್ಲಿ ಕಂಕುಳಿನ ಹತ್ತಿರವೆಲ್ಲ ಬಿಳಿ ಚುಕ್ಕಿಗಳಂತೆ. ಆಮೇಲೆ ಗೊತ್ತಾಯಿತು: ಡಾಕ್ಟರ ಮುಂದೆ ಬೆವರು ನಾರಬಾರದೆಂದು ಮಹಾರಾಯಗಿತ್ತಿ ನಸುಕಿನಲ್ಲೇ ಮಿಂದು, ಎದೆಗೂ ಕಂಕುಳಿಗೂ ಚೆನ್ನಾಗಿ ಪೌಡರ್ ಬಳಿದುಕೊಂಡಿದ್ದಳು. ಘಮಘಮ ಅಂತಿದ್ದೀಯ ಎಂದು ಬಸ್ಸಿನಲ್ಲಿ ಹೊಗಳಿದವಳೂ ನಾನೇ! ಪೌಡರ್ ಹಾಕಬೇಡಿ ಎಂದು ನನ್ನ ಮೊಬೈಲಿಗೆ ಪ್ರತಿ ಸಲ ಇಂಗ್ಲಿಷಿನಲ್ಲಿ ಮೆಸೇಜು ಬರುತ್ತದೆ. ಅವಳಿಗೆ ಹೇಳಬೇಕಾದವಳು ನಾನಲ್ಲದೆ ಇನ್ಯಾರು?

ಒರೆಸಿಕೊಂಡು ಬಂದ ಮೇಲೆ ಮತ್ತೆ ಚಿತ್ರ ತೆಗೆದರು. ಚುಕ್ಕಿಗಳು ಹೋದವು, ಗಂಟು ಹಾಗೇ ಇತ್ತು. ಸೂಜಿ ಹಾಕಿ ತುಣುಕು ತೆಗೆದು ನೋಡಬೇಕು, ಮುಂದಿನ ವಾರ ಬನ್ನಿ ಎಂದರು ಡಾಕ್ಟರು. ಯಾವಾಗಿನಿಂದ ಇದೆ ಎಂದೂ ಕೇಳಿದರು. ಮಹದೇವಮ್ಮ ನನ್ನ ಮುಖ ನೋಡಿ, ಹದಿನೈದು ದಿನ ಆಗಿರಬೇಕು ಎಂದಳು. ಅವರು ಅದನ್ನೇ ಬರೆದುಕೊಂಡರು.

ಬಸ್ ಸ್ಟಾಪಿನಲ್ಲಿ ಸುಡುಬಿಸಿಲು. ಶಿವರಾತ್ರಿ ಕಳೆದು ವಾರವಾಗಿತ್ತು. ಭಯವಾಗುತ್ತಿದೆಯಾ ಎಂದು ಕೇಳಿದೆ. ಅವಳು ಸೆರಗಿನ ತುದಿ ಸುತ್ತುತ್ತಾ ನಿಂತಳು.

"ಅಲ್ಲಿ ಸುಳ್ಳೇಳ್ಬುಟ್ಟೆ ಕಣಮ್ಮ. ಗೌರಿ ಹಬ್ಬಕ್ಕೂ ಮುಂಚಿಂದ ಐತೆ."

ಆಗ ಹೂಟಗಳ್ಳಿಯಲ್ಲಿ ಒಂದು ದಿನ ಉಚಿತ ತಪಾಸಣೆ ನಡೆದಿತ್ತಂತೆ. ಅದಕ್ಕೆಂದೇ ಅವಳು ರಜ ಕೇಳಿದ್ದಳಂತೆ. ಬಾಗಿನಕ್ಕೆ ಜನ ಬರ್ತಾರೆ, ಹಬ್ಬ ಮುಗಿದ ಮೇಲೆ ತಗೋ ಎಂದಿದ್ದೆನಂತೆ ನಾನು. ಯಾಕೆ ಬೇಕು ಎಂದೂ ಕೇಳಿರಲಿಲ್ಲ. ನನಗದು ನೆನಪೇ ಇಲ್ಲ.

"ಇಷ್ಟು ದಿನ ಯಾಕ್ ಬರ್ಲಿಲ್ಲ ಅಂದ್ರೆ, ಅಷ್ಟು ಜನರ ಮುಂದೆ ನಿಮ್ಮ ಹೆಸರು ಎಂಗಮ್ಮ ಹೇಳ್ಲಿ?"

ಬಸ್ಸು ಬಂತು. ಹತ್ತಲಿಲ್ಲ. ಅವಳ ಕೈ ಹಿಡಿದುಕೊಂಡು ವಾಪಸ್ಸು ನಡೆದೆ. ಡಾಕ್ಟರ ಮುಂದೆ ನಿಂತು, "ಹದಿನೈದು ದಿನ ಅಲ್ಲ, ಆರು ತಿಂಗಳಾಗಿದೆ. ಇವಳಿಗೆ ರಜ ಕೊಡದವಳು ನಾನು" ಎಂದೆ. ಅವರು ಬರೆದದ್ದನ್ನು ಹೊಡೆದುಹಾಕಿ, ಮುಂದಿನ ವಾರದವರೆಗೆ ಕಾಯುವುದು ಬೇಡ, ನಾಳೆ ಬೆಳಗ್ಗೆಯೇ ಕರೆದುಕೊಂಡು ಬನ್ನಿ ಎಂದರು.

ಮೆಟ್ಟಿಲಿಳಿಯುವಾಗ ಮಹದೇವಮ್ಮ ನಿಂತಳು. ನಿಜವಾಗಿಯೂ ಗಾಬರಿಯಾಗಿದ್ದಳು.

"ನಾಳೆ ಅಡುಗೆಗೆ ಎಂಗ್ಮಾಡ್ತೀರಮ್ಮ?"